ಕಡೆದ ಕಂಬ, ಕಡೆದ ಲೋಹ

ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಮಥಿಸು ಎಂಬುದೊಂದು ಅರ್ಥ. ಮರವನ್ನೋ ಕಲ್ಲನ್ನೋ ತಿರುಗಿಸುತ್ತ ಉಳಿಯಿಂದ ದುಂಡಗೆ ಮಾಡು ಎಂಬುದು ಇನ್ನೊಂದು ಅರ್ಥ. ಅಡುಗೆಮನೆಯ ಮೂಲೆಯಲ್ಲಿ ಕಡೆಗೋಲಿಗೆ ಹಗ್ಗ ಸುತ್ತಿ, ಎಡಗೈಯಿಂದೊಮ್ಮೆ ಬಲಗೈಯಿಂದೊಮ್ಮೆ ಎಳೆಯುವ ತಾಯಿಯ ಕೈಚಲನೆಯೂ, ಮರದ ತುಂಡಿಗೆ ಹಗ್ಗ ಸುತ್ತಿ ಅದನ್ನು ಮುಂದಕ್ಕೂ ಹಿಂದಕ್ಕೂ ಉರುಳಿಸುತ್ತ ಉಳಿ ಹಿಡಿಯುವ ಕಡಚಲಗಾರನ ಕೈಚಲನೆಯೂ ಒಂದೇ ಆಗಿದ್ದುದನ್ನು ಕಂಡ ಪೂರ್ವಿಕರು ಎರಡಕ್ಕೂ ಒಂದೇ ಶಬ್ದವನ್ನು ಇಟ್ಟುದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಕಡೆದ ವಸ್ತುವಿಗೆ ಕೊನೆಯಲ್ಲಿ ಬರುವ ನುಣುಪಿಗೆ ನಮ್ಮ ಹಳೆಯ ಭಾಷೆ ‘ಒಪ್ಪ’ ಎಂದು ಹೆಸರಿಟ್ಟಿದೆ. ಒಪ್ಪವಿಡುವುದೆಂದರೆ ಹೊಳಪು ಕೊಡುವುದು. ಒಪ್ಪುವುದೆಂದರೆ ತಕ್ಕುದಾಗಿ ಹೊಂದುವುದು. ಈ ಎರಡು ಮಾತುಗಳ ಸಾಮೀಪ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಸಣ್ಣ ಸೀಮೆಯಲ್ಲಿ ಕಡಚಲ ವಿದ್ಯೆ ನಡೆದುಬಂದ ದಾರಿಯನ್ನು ನಿರೂಪಿಸುವುದು ಈ ಬರಹದ ಉದ್ದೇಶ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ಹೊರಗಿನಿಂದ ಬಂದವನಿಗೆ ಮೊದಲು ಎರೆಭೂಮಿಯಾಗಿ, ಹತ್ತಿ ಜೋಳಗಳ ಬಯಲಾಗಿ ಕಾಣಿಸುತ್ತದೆ. ಉತ್ತರಕ್ಕೆ ಮಲಪ್ರಭೆ ಹರಿಯುತ್ತಾಳೆ. ಅವಳ ದಂಡೆಯನ್ನು ಅನುಸರಿಸಿ ಹೋದರೆ ಕೆಂಪು ಮರಳುಗಲ್ಲಿನ ಬಾದಾಮಿ ಪಟ್ಟದಕಲ್ಲುಗಳು. ದಕ್ಷಿಣಕ್ಕೆ ಗದಗು, ಲಕ್ಕುಂಡಿ, ಡಂಬಳ, ಪೂರ್ವಕ್ಕೆ ಕುಕನೂರು, ಇಟಗಿ, ಪಶ್ಚಿಮಕ್ಕೆ ಅಣ್ಣಿಗೇರಿ. ಒಂದು ಕಡೆ ಮರಳುಗಲ್ಲಿನ ಶಿಲ್ಪ, ಇನ್ನೊಂದು ಕಡೆ ಬಳಪದ ಕಲ್ಲಿನ ಶಿಲ್ಪ. ಇವೆರಡರ ನಡುವಿನ ಹೊಸ್ತಿಲಿನಂತೆ ಈ ಸೀಮೆ ಇದೆ. ಕಡಚಲದ ಇತಿಹಾಸವನ್ನು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ನೆಲೆ ದೊರೆಯಲಾರದು. ಏಕೆಂದರೆ ಆ ಹೊಸ್ತಿಲನ್ನು ದಾಟಿದಾಗಲೇ ಕನ್ನಡ ನಾಡಿನ ಕಂಬ ದುಂಡಗಾಯಿತು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳು ಬಹುಮಟ್ಟಿಗೆ ಚೌಕವಾದವು. ಅವುಗಳ ಘನತೆಗೆ ಕುಂದಿಲ್ಲ. ಆದರೆ ಮರಳುಗಲ್ಲೆಂದರೆ ಕಠಿಣವಾದ ಕಣಗಳ ಒಟ್ಟಿಲು. ತಿರುಗುತ್ತಿರುವಾಗ ಉಳಿ ತಗುಲಿದರೆ ಕಣ ಕೊಯ್ದುಹೋಗುವುದಿಲ್ಲ, ಕಿತ್ತುಬರುತ್ತದೆ. ಕಿತ್ತ ಕಡೆ ಕುಳಿ ಉಳಿಯುತ್ತದೆ. ಅದರ ಮೇಲೆ ಕನ್ನಡಿಯಂಥ ಒಪ್ಪವನ್ನು ಬಯಸುವುದು ವ್ಯರ್ಥ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಹನ್ನೊಂದನೆಯ ಶತಮಾನದಲ್ಲಿ, ಸ್ಥಪತಿಗಳು ಬಳಪದ ಕಲ್ಲಿಗೆ ಕೈಹಾಕಿದರು. ನಾವು ಬಾಲ್ಯದಲ್ಲಿ ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪದ ಕುಲಕ್ಕೆ ಸೇರಿದ ಈ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಅದರ ಕಣಗಳು ಅತಿಸೂಕ್ಷ್ಮವಾದುದರಿಂದ ಉಳಿಯ ಬಾಯಿ ಹೋದ ದಾರಿಯಲ್ಲಿ ಅದು ನಿಜವಾಗಿ ಕೊಯ್ಯಿಸಿಕೊಳ್ಳುತ್ತದೆ.

ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದಿಂದ ಆರಂಭಿಸಿ, 1050ರ ಅಣ್ಣಿಗೇರಿಯ ಅಮೃತೇಶ್ವರ, ಅನಂತರ ಲಕ್ಕುಂಡಿಯ ಕಾಶಿವಿಶ್ವೇಶ್ವರ, ಕೊನೆಗೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಎತ್ತಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಮಹಾದೇವಾಲಯದವರೆಗೆ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಈ ವಿದ್ಯೆ ತನ್ನ ಶಿಖರವನ್ನು ಮುಟ್ಟಿತು. ಈ ಶ್ರೇಣಿಯ ನಡುವೆಯೇ ನಮ್ಮ ಸೂಡಿ ಇದೆ. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದು ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿರುವ ಈ ಗ್ರಾಮ, ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಕಾಲಕ್ಕೆ ಪ್ರಮುಖ ಪಟ್ಟಣವಾಗಿತ್ತು. ಒಂದನೆಯ ಸೋಮೇಶ್ವರನ ಅಧಿಕಾರಿಯಾಗಿದ್ದ ನಾಗದೇವನು 1060ರ ಸುಮಾರಿಗೆ ಇಲ್ಲಿ ಕಟ್ಟಿಸಿದ ನಾಗೇಶ್ವರ ದೇವಾಲಯವನ್ನು ಇಂದು ಜನ ಜೋಡುಕಳಸದ ಗುಡಿ ಎಂದು ಕರೆಯುತ್ತಾರೆ. ಎದುರುಬದುರಾದ ಎರಡು ಗರ್ಭಗೃಹಗಳ ನಡುವಣ ಮಂಟಪದಲ್ಲಿ ದುಂಡಾಗಿ ಕಡೆದ ಕಂಬಗಳ ಸಾಲಿನಲ್ಲಿ ಒಂದು ಗಳಿಗೆ ನಿಂತವನಿಗೆ, ಕಲ್ಲು ಗಾತ್ರದಿಂದ ಮಾತ್ರವೇ ಅಲ್ಲ, ಮೈಯಿಂದಲೂ ಮಾತಾಡಬಲ್ಲುದೆಂಬ ಅರಿವು ಮೂಡದಿರದು. 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್ ಈ ಪ್ರದೇಶದ ಗುಡಿಗಳನ್ನು ಒಂದೊಂದಾಗಿ ಅಳೆದು ಬರೆದುದರ ಹಿಂದೆಯೂ ಇಂಥದೇ ಬೆರಗು ಇದ್ದಿರಬೇಕು.

ಕಡೆದ ಕಂಬವನ್ನು ನೋಡುವ ಕ್ರಮವೊಂದಿದೆ. ದೂರದಿಂದ ಅದರ ಗಂಟೆಯಾಕಾರದ ನಡುವೂ, ಸಣ್ಣಗಾದ ಕೊರಳೂ, ಅದರ ಮೇಲಿನ ಚಪ್ಪಟೆಯಾದ ಚಕ್ರವೂ ಕಾಣುತ್ತವೆ. ಹತ್ತಿರ ಬಂದು ಬೆಳಕನ್ನು ಓರೆಯಾಗಿ ಹಿಡಿದರೆ, ಮೈಯ ಮೇಲೆ ಒಂದರ ಪಕ್ಕದಲ್ಲೊಂದು ಓಡುವ ಸೂಕ್ಷ್ಮ ವರ್ತುಲರೇಖೆಗಳು ಕೆಲವೆಡೆ ಗೋಚರಿಸುತ್ತವೆ. ಅವೇ ತಿರುಗಣೆಯ ಸಾಕ್ಷಿ. ಕೈಯಿಂದ ಎಷ್ಟು ಸಮನಾಗಿ ಕೆತ್ತಿದರೂ ಅಂಥ ರೇಖೆ ಬಾರದು. ಬನವಾಸಿಯ ಮಧುಕೇಶ್ವರ ದೇವಾಲಯದ ಮಂಟಪದಲ್ಲಿ ಒಪ್ಪ ಎಷ್ಟು ಮುಂದುವರಿದಿದೆಯೆಂದರೆ, ಕಂಬದ ಉಬ್ಬಿನಲ್ಲಿ ನೋಡುವವನ ಮುಖ ನೇರವಾಗಿಯೂ ತಗ್ಗಿನಲ್ಲಿ ತಲೆಕೆಳಗಾಗಿಯೂ ಬಿಂಬಿಸುತ್ತದೆ. ಮೃದುವಾದ ಕಲ್ಲು ಇಂಥ ಒಪ್ಪವನ್ನು ತಾನಾಗಿ ಕೊಟ್ಟಿತೆಂದು ಭಾವಿಸುವುದು ತಪ್ಪು. ಮೃದುವಾದುದು ಬೇಗ ಕೆಡುತ್ತದೆ ಕೂಡ. ಮೊಂಡ ಉಳಿ ತಗುಲಿದರೆ ಪದರು ಏಳುತ್ತದೆ, ಅಂಚು ಮುರಿಯುತ್ತದೆ. ಕಠಿಣ ವಸ್ತು ಆಯುಧದ ಬಲವನ್ನು ಪರೀಕ್ಷಿಸಿದರೆ ಮೃದು ವಸ್ತು ಆಯುಧದ ಹರಿತವನ್ನೂ ಹಿಡಿದ ಕೈಯ ಸಂಯಮವನ್ನೂ ಪರೀಕ್ಷಿಸುತ್ತದೆ. ಈ ಒಂದು ಮಾತನ್ನು ನಾವು ಒಂಬತ್ತುನೂರು ವರ್ಷ ದಾಟಿ ಒಯ್ಯಬೇಕಾಗಿದೆ.

ಕಲ್ಲಿನ ಕಡಚಲ ನಿಂತ ಮೇಲೂ ಮರದ ಕಡಚಲ ನಿಲ್ಲಲಿಲ್ಲ. ತೊಟ್ಟಿಲ ಕಾಲು, ಕಡೆಗೋಲು, ಲಟ್ಟಣಿಗೆ, ಬುಗುರಿ ಇವೆಲ್ಲ ಅದರ ಮಕ್ಕಳು. ಧಾರವಾಡ ಸೀಮೆಯ ಕಲಘಟಗಿಯ ಬಣ್ಣದ ತೊಟ್ಟಿಲು ಇಂದಿಗೂ ಪ್ರಸಿದ್ಧ. ನರಗುಂದ ಗಜೇಂದ್ರಗಡಗಳ ಹೆಸರು ಹದಿನೆಂಟನೆಯ ಶತಮಾನದ ಇತಿಹಾಸದಲ್ಲಿ ಬರುವುದು ಯುದ್ಧದ ನಿಮಿತ್ತ: 1785ರಲ್ಲಿ ಟಿಪ್ಪುವಿನ ಸೇನೆ ನರಗುಂದದ ಕೋಟೆಯನ್ನು ಮುತ್ತಿ ಹಿಡಿಯಿತು, ಅದರಿಂದ ಹೊತ್ತಿದ ಮರಾಠಾ ಯುದ್ಧ 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ಪರ್ಷಿಯಾದ ಕುಶಲಿಗಳನ್ನು ಕರೆಸಿ ಚನ್ನಪಟ್ಟಣದಲ್ಲಿ ಮರದ ಕಡಚಲಕ್ಕೂ ಅರಗಿನ ಬಣ್ಣಕ್ಕೂ ನೆಲೆ ಮಾಡಿಕೊಟ್ಟವನೆಂದು ಪ್ರತೀತಿ ಇರುವುದೂ ಇದೇ ಟಿಪ್ಪುವಿನ ವಿಷಯದಲ್ಲಿ. ಅಲ್ಲಿಯ ಕುಶಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಘರ್ಷಣೆಯ ಶಾಖಕ್ಕೇ ಅರಗು ಕರಗಿ ಹರಡುತ್ತದೆ. ಕೊನೆಗೆ ಕೇದಗೆಯ ಒಣ ಎಲೆಯನ್ನು ಒತ್ತಿ ಹಿಡಿದರೆ ಒಪ್ಪ ಮೂಡುತ್ತದೆ. ಇತ್ತ ನಮ್ಮ ಸೀಮೆಯಲ್ಲಿ ಗಜೇಂದ್ರಗಡದ ನೇಕಾರರಿಗೆ ನುಣುಪಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಲಾಳಿಯಲ್ಲೋ ಕಂಡಿಕೆಯಲ್ಲೋ ಒಂದು ಸಿಬಿರು ಎದ್ದಿದ್ದರೆ ಸಾಕು, ರೇಶಿಮೆಯ ಎಳೆ ಹರಿಯುತ್ತದೆ, ಒಂದು ಹೊತ್ತಿನ ದುಡಿಮೆ ಕೆಡುತ್ತದೆ.

ಇಂಗ್ಲೆಂಡಿನಲ್ಲಿ ಹೆನ್ರಿ ಮಾಡ್ಸ್ಲೆ ಎಂಬ ಕಮ್ಮಾರನು ಕಡಚಲ ಯಂತ್ರವನ್ನು ಹೊಸದಾಗಿ ರೂಪಿಸುತ್ತಿದ್ದುದು ಆ ಶತಮಾನದ ಅಂತ್ಯಕ್ಕೇ, 1800ರ ಆಸುಪಾಸಿನಲ್ಲಿ. ಅದುವರೆಗೆ ಸಾಮಾನ್ಯವಾಗಿ ಕೈಯಲ್ಲಿ ಹಿಡಿಯುತ್ತಿದ್ದ ಉಳಿಯನ್ನು ಅವನು ಕಬ್ಬಿಣದ ಜಾರುಪೀಠದಲ್ಲಿ ಬಿಗಿದು, ತಿರುಪಿನಿಂದ ಅದು ಸಮನಾಗಿ ಮುಂದುವರಿಯುವಂತೆ ಮಾಡಿದನು. ಹೀಗೆ ಕೈಯ ಒಂದಂಶ ಯಂತ್ರಕ್ಕೆ ಹೋಯಿತು. ಬುದ್ಧಿಯ ಅಂಶ ಮಾತ್ರ ಮನುಷ್ಯನಲ್ಲೇ ಉಳಿಯಿತು. ಈ ಹೊಸ ಯಂತ್ರ ನಮ್ಮ ಸೀಮೆಗೆ ಬಂದುದು ಹತ್ತಿಯ ಹಿಂದೆ, ರೈಲಿನ ಮೇಲೆ. 1884ರಲ್ಲಿ ಗದಗದಿಂದ ಹೊಟಗಿಗೆ ರೈಲು ಹಾದಿ ತೆರೆಯಿತು. ಹೊಳೆಆಲೂರು ಮಲ್ಲಾಪುರಗಳಲ್ಲಿ ನಿಲ್ದಾಣಗಳಾದುವು. ಹುಬ್ಬಳ್ಳಿಯಲ್ಲಿ ರೈಲ್ವೆಯ ದೊಡ್ಡ ಕಾರ್ಯಾಗಾರ ಎದ್ದಿತು. ಅರಳೆ ಹಿಂಜುವ ಗಿರಣಿಗೆ ದಂಡ ಬೇಕು, ದಂಡಕ್ಕೆ ಬುಶ್ಶು ಬೇಕು, ಸವೆದ ಬುಶ್ಶಿಗೆ ಕಡಚಲ ಯಂತ್ರ, ಅಂದರೆ ಲೇಥು, ಬೇಕು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿ ಒಕ್ಕಲಿಗರ ಬಾಗಿಲಿಗೆ ಯಂತ್ರವಿದ್ಯೆಯನ್ನು ತಂದರು. ಅವರ ಮನೆತನದ ಉದ್ಯಮ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಹೆಸರಿನಿಂದ ಲೇಥುಗಳ ತಯಾರಿಕೆಗೆ ತೊಡಗಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌.ಎಂ.ಟಿ. ಸ್ಥಾಪನೆಯಾಯಿತು. ಕಂಬವನ್ನು ಕಡೆದ ನಾಡು ಹೀಗೆ ಕಡೆಯುವ ಯಂತ್ರವನ್ನೇ ಕಡೆಯುವ ನಾಡಾಯಿತು.

ಲೋಹದ ಕಥೆ ಇದಕ್ಕಿಂತ ವಿಚಿತ್ರ. ಅಲ್ಯುಮಿನಿಯಂ ಭೂಮಿಯ ಹೊರಪದರದಲ್ಲಿ ಎಲ್ಲ ಲೋಹಗಳಿಗಿಂತ ಹೇರಳವಾಗಿದ್ದರೂ, ಮನುಷ್ಯನ ಕೈಗೆ ಬಂದುದು ಬಹು ತಡವಾಗಿ. 1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅದನ್ನು ಮೊದಲು ಬೇರ್ಪಡಿಸಿದನು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಅಮೂಲ್ಯ ಲೋಹವಾಗಿ ಮೆರೆಯಿತು. ಗದಗ-ಹೊಟಗಿ ರೈಲು ಓಡತೊಡಗಿದ 1884ರಲ್ಲೇ ಅಮೇರಿಕದ ವಾಷಿಂಗ್ಟನ್ ಸ್ಮಾರಕದ ಶಿಖರಕ್ಕೆ ಮೂರು ಕಿಲೋಗ್ರಾಮಿಗೂ ಕಡಮೆ ತೂಕದ ಅಲ್ಯುಮಿನಿಯಂ ಕಳಸವನ್ನು ಗೌರವದಿಂದ ಇರಿಸಲಾಯಿತು. ಎರಡೇ ವರ್ಷಗಳಲ್ಲಿ, 1886ರಲ್ಲಿ, ಅಮೇರಿಕದ ಹಾಲ್, ಫ್ರಾನ್ಸಿನ ಎರೂ ಪರಸ್ಪರ ಅರಿಯದೆ ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ತೆಗೆಯುವ ಮಾರ್ಗವನ್ನು ಕಂಡುಹಿಡಿದರು. ಆ ಶತಮಾನ ಮುಗಿಯುವುದರೊಳಗೆ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬಾತನು ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಗೆ ನಾಂದಿ ಹಾಡಿದನು. ಮುಂದೆ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದವನೂ ಅವನೇ. ಇಂದು ಬೆಳಗಾವಿಯಲ್ಲೇ ಬಾಕ್ಸೈಟಿನಿಂದ ಅಲ್ಯುಮಿನಾ ತಯಾರಾಗುತ್ತದೆ. ಸ್ಮಾರಕದ ಕಳಸವಾಗಿದ್ದ ಲೋಹ ನಮ್ಮ ಮನೆಯ ಗುಂಡಿಯಾಗಿ, ಮಗ್ಗದ ಪುಲ್ಲಿಯಾಗಿ, ಪಂಪಿನ ಮುಚ್ಚಳವಾಗಿ ನೆಲಕ್ಕಿಳಿದು ಬಂತು.

ರೋಣದ ಪೇಟೆಯಲ್ಲಿ, ತಗಡಿನ ಮಾಡಿನ ಒಂದು ಸಣ್ಣ ಕಾರ್ಯಾಗಾರದಲ್ಲಿ, ಅಂಥದೊಂದು ಪುಲ್ಲಿಯನ್ನು ಕಡೆಯುತ್ತಿದ್ದ ಹಿರಿಯ ಟರ್ನರರ ಬಳಿ ನಾನೊಂದು ಮಧ್ಯಾಹ್ನ ಕುಳಿತಿದ್ದೆನು. ಯಂತ್ರ ಚಿಕ್ಕದು, ಹಳೆಯದು. ಕೊನೆಯ ಸುತ್ತಿಗೆ ಮುಂಚೆ ಅವರು ಯಂತ್ರವನ್ನು ನಿಲ್ಲಿಸಿ, ಟೂಲನ್ನು ಬಿಚ್ಚಿ, ಸಾಣೆಕಲ್ಲಿನ ಮೇಲೆ ಎರಡು ಹನಿ ಎಣ್ಣೆ ಬಿಟ್ಟು, ಅದರ ಬಾಯಿಯನ್ನು ಬಹುಹೊತ್ತು ತೀಡಿದರು. ಉಕ್ಕನ್ನು ಕಡೆಯುವಾಗ ಇಷ್ಟು ಉಪಚಾರ ಮಾಡುವುದಿಲ್ಲವಲ್ಲ ಎಂದು ನಾನು ಕೇಳಿದಾಗ ಅವರು ತಲೆಯೆತ್ತದೆಯೇ ಹೇಳಿದರು: “ಉಕ್ಕು ಗಟ್ಟಿ ಐತ್ರಿ, ಒಂದೀಟು ಮೊಂಡ ಇದ್ರೂ ತಡಕೊಂತೈತಿ. ಇದು ಮೆತ್ತಂದು. ಹರಿತ ಇಲ್ಲಂದ್ರ ಕೊಯ್ಯಂಗಿಲ್ಲ, ಹಿಂಡತೈತಿ.” ಕೊಯ್ಯುವುದು ಬೇರೆ, ಹಿಂಡುವುದು ಬೇರೆ: ಬಳಪದ ಕಲ್ಲಿನ ಮುಂದೆ ನಿಂತಾಗ ನನಗೆ ತೋರಿದ್ದ ಮಾತಿಗೆ ಅವರ ಬಾಯಿಂದ ಪೂರ್ಣರೂಪ ದೊರೆಯಿತು.

ಅವರ ಕೆಲಸವನ್ನು ನೋಡುತ್ತ, ಕೇಳುತ್ತ ತಿಳಿದುದನ್ನು ಇಲ್ಲಿ ಕ್ರಮವಾಗಿ ಹೇಳಬಹುದು. ಅಲ್ಯುಮಿನಿಯಮ್ಮಿನ ಮೊದಲ ದೋಷ ಅಂಟುವಿಕೆ. ನಿಧಾನವಾಗಿ ತಿರುಗುವಾಗ ಕೊಯ್ದ ಲೋಹದ ಕಣಗಳು ಟೂಲಿನ ತುದಿಗೇ ಹತ್ತಿಕೊಂಡು, ಅಲ್ಲೊಂದು ಸುಳ್ಳು ತುದಿಯನ್ನು ಕಟ್ಟುತ್ತವೆ; ಆಮೇಲೆ ಕೊಯ್ಯುವುದು ಉಳಿಯಲ್ಲ, ಆ ಒರಟು ಗಂಟು; ಅದು ಕಳಚಿಬೀಳುವಾಗ ಮೈಯನ್ನು ಹರಿದು ಹೋಗುತ್ತದೆ. ಶುದ್ಧ ಅಲ್ಯುಮಿನಿಯಂ ಇದರಲ್ಲಿ ಅತ್ಯಂತ ಹಟಮಾರಿ. ಮೆಗ್ನೀಶಿಯಂ ಸಿಲಿಕಾನ್ ಬೆರೆತ 6061ರಂಥ ಮಿಶ್ರಲೋಹ ಎಷ್ಟೋ ಸೌಮ್ಯ. ಇದಕ್ಕೆ ಪರಿಹಾರ ಮೂರು: ಟೂಲಿನ ಮೇಲ್ಮುಖಕ್ಕೆ ಧಾರಾಳವಾದ ಇಳಿಜಾರು ಕೊಟ್ಟು ಅದನ್ನು ಕನ್ನಡಿಯಂತೆ ತೀಡುವುದು, ವೇಗವನ್ನು ಹೆಚ್ಚಿಸುವುದು, ಚಿಮಣಿ ಎಣ್ಣೆಯನ್ನು ಹನಿಹನಿಯಾಗಿ ಬಿಡುವುದು. ಸಾಮಾನ್ಯ ಹೈಸ್ಪೀಡ್ ಉಕ್ಕಿನ ಟೂಲಿನಿಂದ ಮೆದು ಉಕ್ಕನ್ನು ಕಡೆಯಲು ನಿಮಿಷಕ್ಕೆ 25–30 ಮೀಟರಿನ ವೇಗ ಸಾಕಾದರೆ, ಅಲ್ಯುಮಿನಿಯಂ 100 ಮೀಟರನ್ನೂ ಮೀರಿ ಸಹಿಸುತ್ತದೆ. 25 ಮಿಲಿಮೀಟರ್ ವ್ಯಾಸದ ಕೋಲನ್ನು ನಿಮಿಷಕ್ಕೆ 250 ಸುತ್ತು ತಿರುಗಿಸಿದರೆ ಅದರ ಮೈ ಚಲಿಸುವುದು 20 ಮೀಟರಿಗೂ ತುಸು ಕಡಮೆ. 1000 ಸುತ್ತಿಗೆ ಏರಿಸಿದರೆ 78 ಮೀಟರು. ಮೊದಲನೆಯದರಲ್ಲಿ ಮೈ ಮಂಕಾಗಿ ಹರಿದಂತೆ ಬರುತ್ತದೆ; ಎರಡನೆಯದರಲ್ಲಿ ಬೆಳಗುತ್ತದೆ.

ಎರಡನೆಯ ಸಂಗತಿ ಮುನ್ನಡೆಯ ಲೆಕ್ಕ. ಯಾವ ಟೂಲಿನ ಮೂಗೂ ಸೂಜಿಯಲ್ಲ, ಸಣ್ಣದೊಂದು ವೃತ್ತದ ತುಣುಕು. ಕೋಲು ಒಂದು ಸುತ್ತು ತಿರುಗುವುದರೊಳಗೆ ಆ ಮೂಗು ಸ್ವಲ್ಪ ಮುಂದೆ ಸರಿಯುತ್ತದೆ. ಎರಡು ಸುತ್ತುಗಳ ನಡುವೆ ಒಂದು ಸೂಕ್ಷ್ಮ ದಿಬ್ಬ ಉಳಿಯುತ್ತದೆ. ಆ ದಿಬ್ಬದ ಎತ್ತರವೇ ಒರಟುತನ. ಒಂದು ಸುತ್ತಿನ ಮುನ್ನಡೆಯ ವರ್ಗವನ್ನು ಮೂಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಅದು ದೊರೆಯುತ್ತದೆ. ಮೂಗಿನ ತ್ರಿಜ್ಯ 0.4 ಮಿಲಿಮೀಟರು, ಮುನ್ನಡೆ 0.2 ಮಿಲಿಮೀಟರಾದರೆ ದಿಬ್ಬ 12.5 ಮೈಕ್ರಾನ್, ಮುನ್ನಡೆಯನ್ನು ಅರ್ಧಕ್ಕೆ ಇಳಿಸಿದರೆ ದಿಬ್ಬ ಅರ್ಧವಾಗುವುದಿಲ್ಲ, ನಾಲ್ಕರಲ್ಲೊಂದು ಭಾಗವಾಗಿ ಮೂರು ಮೈಕ್ರಾನಿಗೆ ಬರುತ್ತದೆ. ತಾಳ್ಮೆಗೆ ಪ್ರಕೃತಿ ಇಷ್ಟು ಔದಾರ್ಯದಿಂದ ಬಡ್ಡಿ ಕೊಡುವ ಸ್ಥಳಗಳು ವಿರಳ. ಮೂಗನ್ನು ಇನ್ನಷ್ಟು ದುಂಡಗೆ ಮಾಡಿದರೂ ನುಣುಪು ಹೆಚ್ಚುತ್ತದೆ. ಆದರೆ ಸಣ್ಣ ಲೇಥಿಗೆ ಮೈಬಲ ಕಡಮೆ, ಅತಿ ದುಂಡಾದ ಮೂಗಿನ ಒತ್ತಡಕ್ಕೆ ಅದು ನಡುಗತೊಡಗುತ್ತದೆ. ಆ ನಡುಕ ಮೈಯ ಮೇಲೆ ಅಲೆಯಲೆಯಾಗಿ ಬರೆಯಲ್ಪಡುತ್ತದೆ. ಆದುದರಿಂದ ಟೂಲನ್ನು ಹೊರಕ್ಕೆ ಚಾಚದೆ ಗಿಡ್ಡಗೆ ಹಿಡಿಯಬೇಕು, ಅದರ ತುದಿ ಕೋಲಿನ ಕೇಂದ್ರದ ಎತ್ತರಕ್ಕೆ ಸರಿಯಾಗಿರಬೇಕು, ಜಾರುಪೀಠದ ಸಡಿಲವನ್ನು ಬಿಗಿಮಾಡಿರಬೇಕು.

ಕೊನೆಯ ಸುತ್ತಿನ ಆಳ ಬಹಳ ಇರಬಾರದು, ತೀರ ಇಲ್ಲದಂತೆಯೂ ಇರಬಾರದು. ಹೊಳಪಿನ ಆಸೆಯಿಂದ ಕೂದಲೆಳೆಗಿಂತ ಸಣ್ಣಗೆ ಕೊಯ್ಯಹೊರಟವನ ಟೂಲು ಕೊಯ್ಯದೆ ಉಜ್ಜತೊಡಗುತ್ತದೆ. ಸಿಪ್ಪೆಯ ಸುರುಳಿ ಮೈಗೆ ಸುತ್ತಿಕೊಂಡು ಗೀರದಂತೆ ನೋಡಿಕೊಳ್ಳಬೇಕು. ಈ ಲೋಹ ಶಾಖಕ್ಕೆ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ, 50 ಮಿಲಿಮೀಟರಿನ ಪುಲ್ಲಿ 20 ಡಿಗ್ರಿಯಷ್ಟು ಬೆಚ್ಚಗಾದರೆ ಅದರ ಅಳತೆ 0.02 ಮಿಲಿಮೀಟರಿಗೂ ಮಿಕ್ಕಿ ಹೆಚ್ಚುತ್ತದೆ. ತಣಿಯುವವರೆಗೆ ಕಾಯದೆ ಅಳೆದವನು ಮೋಸಹೋಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಸುತ್ತು ಆರಂಭವಾದ ಮೇಲೆ ನಡುವೆ ನಿಲ್ಲಬಾರದು. ನಿಂತಲ್ಲಿ ಒಂದು ಉಂಗುರ ಉಳಿಯುತ್ತದೆ, ಅದನ್ನು ಯಾವ ಉಜ್ಜುವಿಕೆಯೂ ಸುಲಭವಾಗಿ ಅಳಿಸದು. ಸೂಡಿಯ ಕಂಬಗಳಲ್ಲಿ ಉಬ್ಬು ಮುಗಿದು ತಗ್ಗು ತೊಡಗುವಲ್ಲೆಲ್ಲ ಒಂದೊಂದು ಆಳವಾದ ಗೆರೆ ಇರುವುದನ್ನು ನೆನೆದಾಗ, ಉಳಿಗೆ ನಿಲ್ಲಲು ಎಡೆಬೇಕಾದ ಸ್ಥಳದಲ್ಲಿಯೇ ಆ ಸ್ಥಪತಿಗಳು ಅಲಂಕಾರವನ್ನು ಇಟ್ಟರೆಂದು ನನಗೆ ತೋರುತ್ತದೆ. ಕೆಲಸದ ಅನಿವಾರ್ಯವನ್ನೇ ಅವರು ಚೆಲುವಾಗಿಸಿದರು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ರತ್ನ ತೀಡುವವರು ಬಹು ಹಿಂದಿನಿಂದ ಬಳಸುತ್ತಿದ್ದ ಕುರುಂದದ ಕಲ್ಲು ರಸಾಯನಶಾಸ್ತ್ರದ ಮಾತಿನಲ್ಲಿ ಅಲ್ಯುಮಿನಿಯಮ್ಮಿನ ಆಕ್ಸೈಡು. ಪಾಶ್ಚಾತ್ಯರು ಅದಕ್ಕಿಟ್ಟ ಕೊರಂಡಮ್ ಎಂಬ ಹೆಸರೂ ನಮ್ಮ ದಕ್ಷಿಣದ ನುಡಿಯಿಂದ ಹೋದುದೇ. ಗಾಳಿ ತಗುಲಿದ ಒಡನೆ ಅಲ್ಯುಮಿನಿಯಮ್ಮಿನ ಮೈಯ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟುವ ಪೊರೆಯೂ ಇದೇ ಆಕ್ಸೈಡು. ಅಂಗಡಿಯಲ್ಲಿ ಟೂಲಿಗೆ ಹಿಡಿಯುವ ಸಾಣೆಯ ಚಕ್ರದ ಕಣಗಳೂ ಸಾಮಾನ್ಯವಾಗಿ ಅದೇ. ರೋಣದ ಆ ಟರ್ನರರು ಬಹುಹೊತ್ತು ಸಾಣೆಹಿಡಿದುದು ಆ ಲೋಹವನ್ನು ಅದರ ಬಂಧುವಿನಿಂದಲೇ ಒಪ್ಪಿಸುವ ಕೆಲಸವಾಗಿತ್ತು. ಕೊನೆಯ ಸುತ್ತು ಮುಗಿದ ಮೇಲೆ ಅವರು ಮರಳುಕಾಗದವನ್ನು ಮುಟ್ಟಲಿಲ್ಲ; ಅದರ ಕಣ ಈ ಮೆತ್ತಗಿನ ಮೈಯಲ್ಲಿ ಹುದುಗಿ ಕೂರುತ್ತದೆಂದು ಅವರಿಗೆ ಗೊತ್ತು. ಯಂತ್ರ ನಿಂತಿತು, ಪುಲ್ಲಿ ತಣಿಯುವವರೆಗೆ ಅವರು ಚಹಾ ತರಿಸಿದರು, ಆಮೇಲೆ ಅದನ್ನು ಬಿಚ್ಚಿ ನನ್ನ ಕೈಗಿತ್ತು, “ಉಗುರು ಆಡಿಸಿ ನೋಡ್ರಿ” ಎಂದರು. ಉಗುರಿಗೆ ಏನೂ ತಗುಲಲಿಲ್ಲ. ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ, ಕಡೆದ ಕಂಬದ ಮೈಯ ಮೇಲೆ ಕಂಡಿದ್ದ ಅವೇ ವರ್ತುಲರೇಖೆಗಳು, ಒಂದರ ಪಕ್ಕದಲ್ಲೊಂದು, ಎಲ್ಲಿಯೂ ತುಂಡಾಗದೆ ಓಡುತ್ತಿದ್ದುವು.